ಚಿಕಿತ್ಸೆಯ ಲೆಕ್ಕ ಹಿಡಿದು ಚಿತ್ರೀಕರಣ

ಸಾಕ್ಷ್ಯಚಿತ್ರದ ಪ್ರಯಾಣಕ್ಕೆ ವೇಳಾಪಟ್ಟಿ ಹಾಕುವಾಗ ನಾವು ಸಾಮಾನ್ಯವಾಗಿ ನೋಡುವುದು ದೂರ, ಬೆಳಕು, ಬಾಡಿಗೆಗೆ ತಂದ ಉಪಕರಣಗಳನ್ನು ಹಿಂತಿರುಗಿಸಬೇಕಾದ ದಿನ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಬಗ್ಗೆ ಚಿತ್ರ ಮಾಡಲು ಹೊರಟಾಗ ಇವೆಲ್ಲ ಹಿಂದಕ್ಕೆ ಸರಿದವು. ಯಾರಿಗೆ ಯಾವ ಔಷಧ, ಎಷ್ಟು ವಾರಕ್ಕೊಮ್ಮೆ, ಮುಂದಿನ ಸರದಿ ಯಾವತ್ತು ಎಂಬುದನ್ನು ಅವರ ಒಪ್ಪಿಗೆ ಪಡೆದು ಮೊದಲು ಬರೆದುಕೊಂಡೆ. ಪ್ರಯಾಣ, ವಸತಿ, ಸಂದರ್ಶನ ಎಲ್ಲವನ್ನೂ ಆ ಹಾಳೆಗೆ ಹೊಂದಿಸಿದೆ.

ಕಿಮೋಥೆರಪಿಯನ್ನು ಎರಡು ಅಥವಾ ಮೂರು ವಾರಗಳ ಸುತ್ತುಗಳಲ್ಲಿ ಕೊಡುವುದು ಹೆಚ್ಚು. ಔಷಧ ಹರಿಸುವ ದಿನ ರೋಗಿ ಸೋತು ಸುಣ್ಣವಾಗಿರುತ್ತಾರೆ ಎಂದು ಹೊರಗಿನವರು ಎಣಿಸುತ್ತಾರೆ. ನಾನು ಕಂಡದ್ದು ಬೇರೆ. ವಾಂತಿ ಮತ್ತು ಅಲರ್ಜಿ ತಡೆಯಲು ಮೊದಲೇ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಅನೇಕರಿಗೆ ಒಂದು ಬಗೆಯ ಹುರುಪು ತರುತ್ತದೆ, ರಾತ್ರಿ ನಿದ್ದೆಯನ್ನೂ ಕಸಿಯುತ್ತದೆ. ಆ ದಿನ, ಮರುದಿನ ಮಾತು ಸರಾಗವಾಗಿ ಬರುತ್ತದೆ. ಸ್ಟಿರಾಯ್ಡ್ ನಿಲ್ಲುತ್ತಲೇ ಮೂರನೆಯ, ನಾಲ್ಕನೆಯ ದಿನದ ಹೊತ್ತಿಗೆ ದೇಹ ಕುಸಿಯುತ್ತದೆ. ಹುರುಪಿನ ದಿನ ತೆಗೆದ ದೃಶ್ಯವನ್ನಷ್ಟೇ ತೋರಿಸಿದರೆ ಚಿಕಿತ್ಸೆ ಸಲೀಸು ಎಂಬ ಸುಳ್ಳು ಹೇಳಿದಂತಾಗುತ್ತದೆ. ಕುಸಿದ ದಿನವನ್ನಷ್ಟೇ ತೋರಿಸುವುದೂ ಅಷ್ಟೇ ದೊಡ್ಡ ಸುಳ್ಳು. ಹಾಗಾಗಿ ಒಬ್ಬರ ಬಳಿ ಹೋದರೆ ಆ ಸುತ್ತಿನ ಬೇರೆ ಬೇರೆ ಹಂತಗಳಲ್ಲಿ ಮತ್ತೆ ಮತ್ತೆ ಹೋಗಬೇಕು ಎಂದು ನಿರ್ಧರಿಸಿದೆ. ಕೆಲವು ಹೊತ್ತು ಕ್ಯಾಮೆರಾ ಚೀಲದಲ್ಲಿಯೇ ಉಳಿಯಿತು, ನಾವು ಸುಮ್ಮನೆ ಕುಳಿತು ಬಂದೆವು. ನಿರ್ಮಾಪಕರಿಗೆ ಇದು ದಂಡದ ಖರ್ಚಾಗಿ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ.

ಈ ಲೆಕ್ಕದಲ್ಲಿ ಇನ್ನೊಂದು ಕಟ್ಟುನಿಟ್ಟಿನ ಭಾಗವಿದೆ. ಔಷಧ ಕೊಟ್ಟ ಸುಮಾರು 7ರಿಂದ 14 ದಿನಗಳ ನಡುವೆ ಬಿಳಿ ರಕ್ತಕಣಗಳ ಸಂಖ್ಯೆ ತೀರಾ ಕೆಳಗಿಳಿಯುವುದುಂಟು. ಆಗ ನಮ್ಮ ಸಾಮಾನ್ಯ ನೆಗಡಿ ಅವರ ಪಾಲಿಗೆ ಆಸ್ಪತ್ರೆ ವಾಸವಾಗಬಹುದು. ಒಂದೇ ವಾಹನದಲ್ಲಿ ಅಲೆಯುವ ತಂಡದಲ್ಲಿ ಒಬ್ಬರಿಗೆ ಗಂಟಲು ಕೆರೆದರೆ ಎಲ್ಲರಿಗೂ ಅಂಟಲು ಹೆಚ್ಚು ಹೊತ್ತು ಬೇಡ. ಆದ್ದರಿಂದ ಆ ದಿನಗಳಿಗೆ ಕಟ್ಟಡದ ಹೊರನೋಟ, ವೈದ್ಯರ ಸಂದರ್ಶನ, ಪ್ರಯೋಗಾಲಯದ ದೃಶ್ಯಗಳನ್ನು ಇಟ್ಟುಕೊಂಡೆವು. ಜ್ವರವೋ ಕೆಮ್ಮೋ ಇದ್ದವರು ಬಾಯಿ ಬಿಟ್ಟು ಹೇಳಬೇಕು, ಹೇಳಿದವರಿಗೆ ಆ ದಿನದ ಸಂಬಳ ಕಡಿತವಾಗಬಾರದು. ಈ ಎರಡನೆಯ ಮಾತನ್ನು ಹೊರಡುವ ಮುನ್ನವೇ ಒಪ್ಪಂದದಲ್ಲಿ ಬರೆಸಿದೆ. ಸಂಬಳ ಹೋಗುತ್ತದೆಂದಾದರೆ ಯಾರೂ ಕೆಮ್ಮನ್ನು ಒಪ್ಪಿಕೊಳ್ಳುವುದಿಲ್ಲ.

ತಂಡ ಎಂದರೆ ಮೂವರು: ಪ್ರಶ್ನೆ ಕೇಳುವ ನಾನು, ಛಾಯಾಗ್ರಾಹಕಿ, ಧ್ವನಿಗ್ರಾಹಕ. ಡ್ರಿಪ್ ಹಾಕುವ ಕುರ್ಚಿಯ ಪಕ್ಕದಲ್ಲಿ ಇದಕ್ಕಿಂತ ಹೆಚ್ಚು ಜನ ನಿಂತರೆ ನರ್ಸ್ ಓಡಾಡುವ ದಾರಿಯೇ ಕಟ್ಟಿಹೋಗುತ್ತದೆ. ದೊಡ್ಡ ದೀಪಗಳನ್ನು ಒಯ್ಯಲಿಲ್ಲ, ಕಿಟಕಿಯ ಬೆಳಕನ್ನೇ ನಂಬಿದೆವು. ಸುಗಂಧದ್ರವ್ಯವನ್ನು ಎಲ್ಲರೂ ಬಿಟ್ಟೆವು, ಏಕೆಂದರೆ ಚಿಕಿತ್ಸೆಯಲ್ಲಿರುವವರಿಗೆ ಅದರ ವಾಸನೆಯೇ ಹೊಟ್ಟೆ ತೊಳಸಲು ಸಾಕು.

ಧ್ವನಿಗ್ರಾಹಕನ ಕೆಲಸ ನೋಡಿ ನಾನು ಬಹಳ ಕಲಿತೆ. ಅಂಗಿಗೆ ಸಿಕ್ಕಿಸುವ ಪುಟ್ಟ ಮೈಕನ್ನು ಎದೆಯ ಮೇಲ್ಭಾಗದಲ್ಲಿ ಇಡುವುದು ವಾಡಿಕೆ. ಆದರೆ ಅನೇಕರಿಗೆ ಕಾಲರ್ ಮೂಳೆಯ ಕೆಳಗೆ, ಚರ್ಮದ ಅಡಿಯಲ್ಲಿ ಔಷಧ ಹರಿಸುವ ಪೋರ್ಟ್ ಕೂರಿಸಿರುತ್ತಾರೆ. ಅಲ್ಲಿ ತಂತಿ ಉಜ್ಜಿದರೂ ನೋವು. ಅವನು ಮೊದಲು ಯಾವ ಬದಿ ಎಂದು ಕೇಳುತ್ತಿದ್ದ, ನಂತರ ಮೈಕನ್ನು ಅವರ ಕೈಗೇ ಕೊಟ್ಟು ಸಿಕ್ಕಿಸಿಕೊಳ್ಳಲು ಬಿಡುತ್ತಿದ್ದ. ಕರುಳಿನ ಕ್ಯಾನ್ಸರಿಗೆ ಆಕ್ಸಾಲಿಪ್ಲಾಟಿನ್ ಪಡೆಯುತ್ತಿದ್ದ ಒಬ್ಬರಿಗೆ ತಣ್ಣಗಿನ ಯಾವ ವಸ್ತು ಮುಟ್ಟಿದರೂ ಬೆರಳಲ್ಲಿ ಮುಳ್ಳು ಚುಚ್ಚಿದಂತಾಗುತ್ತಿತ್ತು. ಆ ಔಷಧದ ತಿಳಿದಿರುವ ಅಡ್ಡಪರಿಣಾಮ ಅದು. ಮೈಕಿನ ಧ್ವನಿಯನ್ನು ನಿಸ್ತಂತುವಾಗಿ ಕಳಿಸುವ ಲೋಹದ ಟ್ರಾನ್ಸ್‌ಮಿಟರನ್ನು ಅವನು ಎರಡೂ ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿ, ತನ್ನ ಕೆನ್ನೆಗೆ ತಾಗಿಸಿ ನೋಡಿ, ಆಮೇಲೆ ಅವರಿಗೆ ಕೊಟ್ಟ. ಆ ಸಂದರ್ಶನದಲ್ಲಿ ಅವರು ಅಷ್ಟು ಬಿಚ್ಚುಮನಸ್ಸಿನಿಂದ ಮಾತನಾಡಿದ್ದಕ್ಕೆ ನನ್ನ ಪ್ರಶ್ನೆಗಳಿಗಿಂತ ಈ ಎರಡು ನಿಮಿಷಗಳೇ ಕಾರಣ ಎಂದು ನಾನು ನಂಬಿದ್ದೇನೆ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರು ಪಟ್ಟ ಪಾಡನ್ನು ತೆಗೆಯಲು ಅನುಮತಿ ಕೊಟ್ಟವರೂ ಅವರೇ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 2 ಕೋಟಿ ಜನರಿಗೆ ಹೊಸದಾಗಿ ಕ್ಯಾನ್ಸರ್ ಪತ್ತೆಯಾಯಿತು ಎಂಬ ಅಂದಾಜು ನಮ್ಮ ಚಿತ್ರದಲ್ಲೂ ಇದೆ. ಅದನ್ನು ಆ ಗುಂಡಿಯ ದೃಶ್ಯದ ನಂತರ ಇಟ್ಟೆ, ಮೊದಲು ಇಡಲಿಲ್ಲ.

ಯಂತ್ರಗಳಿರುವ ಕೋಣೆಗಳಿಗೆ ಅವುಗಳದ್ದೇ ನಿಯಮ. ಎಂಆರ್‌ಐ ಯಂತ್ರದ ಆಯಸ್ಕಾಂತ ಸ್ಕ್ಯಾನ್ ನಡೆಯದಿದ್ದಾಗಲೂ ಕೆಲಸ ಮಾಡುತ್ತಲೇ ಇರುತ್ತದೆ. ಕಬ್ಬಿಣದ ಭಾಗಗಳಿರುವ ಟ್ರೈಪಾಡನ್ನು ಅದು ಎಸೆದ ಈಟಿಯಂತೆ ತನ್ನೊಳಗೆ ಸೆಳೆದುಕೊಳ್ಳಬಲ್ಲದು. ನಾವು ಬಾಗಿಲಿನಾಚೆಯೇ ನಿಂತೆವು. ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಒಂದೊಂದು ಸಲ ಕೆಲವೇ ನಿಮಿಷ. ಆ ಹೊತ್ತು ಒಳಗೆ ರೋಗಿ ಒಬ್ಬರೇ. ಚದುರಿದ ವಿಕಿರಣ ಕ್ಯಾಮೆರಾದ ಸೆನ್ಸರನ್ನೂ ಕೆಡಿಸಬಲ್ಲದು. ನಿಯಂತ್ರಣ ಕೊಠಡಿಯ ಪರದೆಯಲ್ಲಿ ತಂತ್ರಜ್ಞರು ರೋಗಿಯನ್ನು ನೋಡುತ್ತಿರುವುದನ್ನು, ಸ್ಪೀಕರ್ ಮೂಲಕ ಅವರ ಹೆಸರು ಹಿಡಿದು ಧೈರ್ಯ ಹೇಳುವುದನ್ನು ತೆಗೆದೆವು, ಹೆಸರಿನ ಜಾಗದಲ್ಲಿ ಮಾತ್ರ ಧ್ವನಿ ಅಳಿಸಿದೆವು. ದೇಹದಲ್ಲಿ ಕ್ಯಾನ್ಸರ್ ಎಲ್ಲಿದೆ ಎಂದು ಹುಡುಕುವ ಪೆಟ್ ಸ್ಕ್ಯಾನ್‌ಗೆ ಚುಚ್ಚುಮದ್ದು ಪಡೆದವರ ದೇಹದಲ್ಲಿ ಸ್ವಲ್ಪ ಹೊತ್ತು ವಿಕಿರಣಶೀಲ ವಸ್ತು ಇರುತ್ತದೆ, ಸ್ಕ್ಯಾನ್‌ಗೆ ಮುನ್ನ ಅವರು ಮಾತನಾಡದೆ ಒಬ್ಬರೇ ವಿಶ್ರಮಿಸಬೇಕು. ಆ ಹೊತ್ತಿನಲ್ಲಿ ಸಂದರ್ಶನ ಕೇಳಲೇಬಾರದು.

ಪ್ರಯಾಣದ ಕಡೆಯದು ಚುಟುಕಾಗಿ ಹೇಳುತ್ತೇನೆ. ಬಿಡಿ ಲಿಥಿಯಂ ಬ್ಯಾಟರಿಗಳು ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್ ಮೀರಿದರೆ ವಿಮಾನ ಸಂಸ್ಥೆಯ ಅನುಮತಿ ಬೇಕು. ತೆಗೆದ ದೃಶ್ಯಗಳ ಪ್ರತಿಗಳನ್ನು ಬೇರೆ ಬೇರೆಯವರ ಚೀಲದಲ್ಲಿ ಇಟ್ಟೆವು, ಎಲ್ಲಕ್ಕೂ ಪಾಸ್‌ವರ್ಡ್ ಹಾಕಿದೆವು. ಕಳೆದುಹೋದರೆ ಬಯಲಾಗುವುದು ಇನ್ನೊಬ್ಬರ ಕಾಯಿಲೆಯ ವಿವರ. ಡ್ರಿಪ್ ಚೀಲದ ಚೀಟಿ, ಮಣಿಕಟ್ಟಿನ ಪಟ್ಟಿ, ಹಿಂದಿನ ಹಾಸಿಗೆಯವರ ಮುಖ ಇವು ಚೌಕಟ್ಟಿನೊಳಗೆ ಬಂದಿವೆಯೇ ಎಂದು ಪ್ರತಿ ರಾತ್ರಿ ನೋಡುವುದೂ ನಮ್ಮ ದಿನಚರಿಯ ಭಾಗವಾಗಿತ್ತು.

ಒಪ್ಪಿಗೆ ಪತ್ರಕ್ಕೆ ಒಮ್ಮೆ ಸಹಿ ಹಾಕಿಸಿಕೊಂಡರೆ ಮುಗಿಯಿತು ಎಂದು ನಾನು ಒಪ್ಪುವುದಿಲ್ಲ. ಪ್ರತಿ ಭೇಟಿಯಲ್ಲೂ ಕ್ಯಾಮೆರಾ ಹೊರತೆಗೆಯುವ ಮೊದಲು ಮತ್ತೆ ಕೇಳಿದೆ. ಸ್ಕ್ಯಾನ್ ಫಲಿತಾಂಶ ಹೇಳುವ ಭೇಟಿಗೆ ಅವರಾಗಿಯೇ ಕರೆದರೆ ಮಾತ್ರ ಹೋದೆವು. ವೈದ್ಯರ ಒಪ್ಪಿಗೆಯನ್ನೂ ಮುಂಚೆಯೇ ಪಡೆದೆವು. ಸಂಕಲನದ ಮೊದಲ ಪ್ರತಿಯನ್ನು ರೋಗಿಗಳಿಗೆ ತೋರಿಸಿ, ಅವರು ಬೇಡವೆಂದ ದೃಶ್ಯಗಳನ್ನು ಕೈಬಿಟ್ಟೆವು. ಆ ಪ್ರತಿ ಸಿದ್ಧವಾಗುವ ಹೊತ್ತಿಗೆ ತಾವು ಇಲ್ಲದಿದ್ದರೆ ಯಾರು ನೋಡಿ ತೀರ್ಮಾನಿಸಬೇಕು ಎಂಬ ಪ್ರಶ್ನೆಯನ್ನೂ ಪತ್ರದಲ್ಲಿ ಸೇರಿಸಿದ್ದೆ. ಅದನ್ನು ಕೇಳಲು ನನ್ನ ನಾಲಿಗೆ ತಡವರಿಸಿತು. ಅವರಲ್ಲಿ ಹೆಚ್ಚಿನವರು ತಡಮಾಡದೆ ಒಂದು ಹೆಸರು ಬರೆದುಕೊಟ್ಟರು. ಒಬ್ಬರು ಮಾತ್ರ ತಾನಿಲ್ಲದಿದ್ದರೆ ಚಿತ್ರದಲ್ಲೂ ತಾನಿರಬಾರದು ಎಂದು ಬರೆದರು. ಅವರ ದೃಶ್ಯಗಳು ಚಿತ್ರದಲ್ಲಿ ಇಲ್ಲ.