ಕಾವಿಗೆ ಕೂತ ಕೋಳಿ, ಸುಮ್ನಿರಲಾರದ ನಾನು

ಮೊದಲ ಸಲ ಕೋಳಿ ಕೂರಿಸಿದಾಗ 12 ಮೊಟ್ಟೆಗೆ ಮೂರು ಮರಿ ಆದವು. ಅದರಲ್ಲೂ ಒಂದು ನೀರಿನ ಬಟ್ಟಲಿಗೆ ಬಿದ್ದು ಸತ್ತಿತು. ಎರಡನೇ ಸಲ 10 ಮೊಟ್ಟೆಗೆ ಎಂಟು ಮರಿ. ಕೋಳಿ ಅದೇ, ನಮ್ಮ ಕೆಂಪಿ. ಅವಳೇನೂ ಹೊಸದಾಗಿ ಕಲಿತಿರಲಿಲ್ಲ. ಕಲಿಯಬೇಕಾಗಿದ್ದವನು ನಾನು.

ಕೆಂಪಿ ಕಾವಿಗೆ ಬಂದಳು ಅಂತ ಗೊತ್ತಾಗೋದು ಕಷ್ಟವಲ್ಲ. ಮೊಟ್ಟೆ ಇಡುವ ಬುಟ್ಟಿಯಿಂದ ಏಳುವುದೇ ಇಲ್ಲ. ಹತ್ತಿರ ಹೋದರೆ ಮೈಯ ಪುಕ್ಕವನ್ನೆಲ್ಲ ಉಬ್ಬಿಸಿ ಎರಡು ಕೋಳಿಯಷ್ಟು ದಪ್ಪ ಆಗುತ್ತಾಳೆ, ಗುರ್ ಅನ್ನುತ್ತಾಳೆ, ಕೈ ಚಾಚಿದರೆ ಕುಕ್ಕುತ್ತಾಳೆ. ಕೆಳಗಿಳಿದರೂ ಸುಮ್ಮನೆ ಮೇಯುವುದಿಲ್ಲ, ಲೊಕ್ ಲೊಕ್ ಅಂತ ಗೊಣಗಿಕೊಂಡು ಸುತ್ತುತ್ತಾಳೆ. ಎದೆ ಕೆಳಗಿನ ಪುಕ್ಕ ಉದುರಿ ಬರೀ ಚರ್ಮ ಕಾಣುತ್ತದೆ. ಬಿಸಿ ಚರ್ಮ ನೇರವಾಗಿ ಮೊಟ್ಟೆಗೆ ತಾಗಲಿ ಅಂತ ಈ ಏರ್ಪಾಡು. ಇನ್ನೊಂದು ಗುರುತು ಇದೆ, ಮೂಗಿಗೆ ತಾನೇ ಗೊತ್ತಾಗುತ್ತದೆ. ಕಾವಿನ ಕೋಳಿ ಗೂಡಿನಲ್ಲಿ ಹಿಕ್ಕೆ ಹಾಕುವುದಿಲ್ಲ. ತಡೆದಿಟ್ಟುಕೊಂಡು ದಿನಕ್ಕೊಮ್ಮೆ ಹೊರಗೆ ಬಂದು ಹಾಕುತ್ತದೆ. ಆ ಗುಡ್ಡೆ, ಆ ವಾಸನೆ ಬೇರೇನೇ.

ಎಲ್ಲ ಕೋಳಿಯೂ ಕೂರುವುದಿಲ್ಲ. ಮೊಟ್ಟೆಗಾಗಿಯೇ ಬೆಳೆಸಿದ ಲೆಗ್‌ಹಾರ್ನ್‌ನಂಥ ತಳಿಗಳಲ್ಲಿ ಈ ಬುದ್ಧಿ ಹೆಚ್ಚುಕಡಿಮೆ ಹೋಗೇಬಿಟ್ಟಿದೆ. ನಾಟಿ ಕೋಳಿಗಳಲ್ಲಿ, ಸಿಲ್ಕಿ, ಕೊಚಿನ್ ತಳಿಗಳಲ್ಲಿ ಚೆನ್ನಾಗಿ ಉಳಿದಿದೆ. ಕಾವು ಬರುವುದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿದಾಗ. ಅದನ್ನು ನಾವು ಬಲವಂತವಾಗಿ ಬರಿಸೋಕೆ ಆಗಲ್ಲ. ಕೂರದ ಕೋಳಿಯನ್ನು ಬುಟ್ಟಿ ಮುಚ್ಚಿ ಕೂರಿಸಲು ನಾನೂ ಒಮ್ಮೆ ನೋಡಿದ್ದೇನೆ. ಮೊಟ್ಟೆ ಒಡೆದು ಆಮ್ಲೆಟ್ ಆಗಿತ್ತು, ಅಷ್ಟೇ.

ಈಗ ಮೊದಲ ಸಲದ ಕತೆ. ಕೆಂಪಿ ಎಲ್ಲ ಕೋಳಿಗಳೂ ಮೊಟ್ಟೆ ಇಡುವ ಬುಟ್ಟಿಯಲ್ಲೇ ಕೂತಳು. ನಾನು ಖುಷಿಯಲ್ಲಿ ಅಲ್ಲೇ 12 ಮೊಟ್ಟೆ ಇಟ್ಟೆ. ಗುರುತು ಹಾಕಲಿಲ್ಲ. ಕೆಂಪಿ ಮೇಯಲು ಎದ್ದಾಗಲೆಲ್ಲ ಬೇರೆ ಕೋಳಿಗಳು ಬಂದು ಅಲ್ಲೇ ಇಟ್ಟು ಹೋದವು. ಎರಡು ವಾರ ಕಳೆದು ಎಣಿಸಿದರೆ 17. ಯಾವುದು ಹಳೆಯದು, ಯಾವುದು ನಿನ್ನೆಯದು? ಒಂದೂ ತಿಳಿಯಲಿಲ್ಲ. ತೆಗೆಯಲು ಧೈರ್ಯ ಬರಲಿಲ್ಲ, ಎಲ್ಲವನ್ನೂ ಬಿಟ್ಟೆ.

ಇದರಲ್ಲಿ ಎರಡು ಪೆಟ್ಟು ಬಿತ್ತು. ಕೋಳಿಯ ಎದೆಯಡಿ ಜಾಗ ಇಷ್ಟೇ ಅಂತ ಇರುತ್ತದೆ. ಜಾಸ್ತಿಯಾದರೆ ಅಂಚಿನ ಮೊಟ್ಟೆ ತಣ್ಣಗಾಗುತ್ತದೆ. ಕೋಳಿ ದಿನವೂ ಮೊಟ್ಟೆ ಹೊರಳಿಸಿ ಅಂಚಿನದನ್ನು ಒಳಗೆ, ಒಳಗಿನದನ್ನು ಅಂಚಿಗೆ ತಳ್ಳುತ್ತಲೇ ಇರುತ್ತದಲ್ಲ, ಹಾಗಾಗಿ ಇವತ್ತು ಒಂದು, ನಾಳೆ ಇನ್ನೊಂದು ತಣ್ಣಗಾಗಿ ಒಳ್ಳೆಯ ಮೊಟ್ಟೆಗಳೂ ಕೆಟ್ಟವು. ಎರಡನೆಯದು, ಮೊದಲ ಮರಿಗಳು ಬಂದು ಒಂದೆರಡು ದಿನಕ್ಕೆ ತಾಯಿ ಅವನ್ನು ಕರೆದುಕೊಂಡು ಎದ್ದುಬಿಟ್ಟಳು. ಹಿಂದೆ ಉಳಿದ ಮೊಟ್ಟೆ ಒಡೆದು ನೋಡಿದರೆ ಅರ್ಧ ಬೆಳೆದ ಮರಿಗಳು. ಅವತ್ತು ಊಟ ಸೇರಲಿಲ್ಲ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ನಿಜಕ್ಕೂ ಬಿರಿದದ್ದು ನಾಲ್ಕು ಮೊಟ್ಟೆ. ನಾಲ್ಕನೆಯದು ಚಿಪ್ಪಿನಲ್ಲಿ ಸಣ್ಣ ತೂತು ಮಾಡಿ ಆರು ತಾಸಾದರೂ ಮುಂದೆ ಹೋಗಲಿಲ್ಲ. ನನಗೆ ತಡೆಯಲಾಗಲಿಲ್ಲ. ಉಗುರಿನಿಂದ ಚಿಪ್ಪು ಬಿಡಿಸಿದೆ. ಒಳಪೊರೆಯಿಂದ ರಕ್ತ ಬಂತು. ಮರಿ ಬೆಳಗಾಗುವಷ್ಟರಲ್ಲಿ ಸತ್ತಿತು. ಅಮ್ಮ ಹೇಳಿದ್ದು ಒಂದೇ ಮಾತು: “ನಿನ್ನ ಕೈ ಸುಮ್ನೆ ಇರಲ್ವಾ?”

ಮರಿ ತೂತು ಮಾಡಿದ ಮೇಲೆ ಸುಮ್ಮನಿರುವುದು ಸೋತಿದ್ದಕ್ಕಲ್ಲ ಅಂತ ಆಮೇಲೆ ತಿಳಿಯಿತು. ಆ ಹೊತ್ತಿನಲ್ಲಿ ಪೊರೆಯ ರಕ್ತನಾಳಗಳ ರಕ್ತ ಮೈಗೆ ಸೇರುತ್ತಿರುತ್ತದೆ, ಉಳಿದ ಹಳದಿ ಹೊಟ್ಟೆಯೊಳಗೆ ಹೋಗುತ್ತಿರುತ್ತದೆ. ಮೊದಲ ತೂತಿನಿಂದ ಹೊರಗೆ ಬರುವ ತನಕ 12ರಿಂದ 24 ತಾಸು ಹಿಡಿಯುವುದು ಮಾಮೂಲು.

ಎರಡನೇ ಸಲಕ್ಕೆ ಮೊದಲು ಬೇರೆ ಜಾಗ ಮಾಡಿದೆ. ಮೂಲೆಯಲ್ಲಿ, ಮಬ್ಬು ಬೆಳಕಿನಲ್ಲಿ, ಬೇರೆ ಕೋಳಿ ಬಾರದ ಹಾಗೆ ಜಾಲರಿ ಕಟ್ಟಿದ ಸಣ್ಣ ಕೋಣೆ. ಪೆಟ್ಟಿಗೆಯನ್ನು ನೆಲದ ಮೇಲೇ ಇಟ್ಟೆ. ಎತ್ತರದಲ್ಲಿದ್ದರೆ ಕೆಳಗೆ ಬಿದ್ದ ಮರಿ ಮತ್ತೆ ತಾಯಿಯ ಬಳಿ ಹತ್ತಲಾರದು. ಪೆಟ್ಟಿಗೆಯ ಅಡಿಗೆ ಮಣ್ಣು ಹಾಕಿ, ಮುಷ್ಟಿಯಿಂದ ಒತ್ತಿ ತಟ್ಟೆಯ ಹಾಗೆ ತಗ್ಗು ಮಾಡಿ, ಮೇಲೆ ಒಣ ಹುಲ್ಲು ಹಾಸಿದೆ. ತಗ್ಗಿದ್ದರೆ ಮೊಟ್ಟೆ ಉರುಳಿ ಮೂಲೆ ಸೇರುವುದಿಲ್ಲ. ಕೂರಿಸುವ ಮೊದಲು ಕೆಂಪಿಯ ರೆಕ್ಕೆಯಡಿ, ಗುದದ ಸುತ್ತ ಪುಕ್ಕ ಬಿಡಿಸಿ ಹೇನು ನೋಡಿದೆ. ಇದ್ದವು. ಕೋಳಿಗೆ ಹಾಕುವ ಹೇನಿನ ಪುಡಿ ಹಾಕಿ ಒಂದು ದಿನ ಬಿಟ್ಟೆ. ಇದನ್ನು ತಪ್ಪಿಸಬಾರದು. ಕಾವಿಗೆ ಕೂತ ಕೋಳಿ ಮಣ್ಣಿನಲ್ಲಿ ಹೊರಳುವುದು ಕಡಿಮೆ, ಹೇನು ಕಡಿತ ಜಾಸ್ತಿಯಾದರೆ ಮೊಟ್ಟೆ ಬಿಟ್ಟೇ ಏಳುತ್ತದೆ.

ಜಾಗ ಬದಲಿಸಿದ್ದು ರಾತ್ರಿ. ಹಗಲಲ್ಲಿ ಎತ್ತಿಟ್ಟರೆ ಹಳೆ ಬುಟ್ಟಿಗೇ ಓಡುತ್ತದೆ. ಕತ್ತಲಲ್ಲಿ ಮೆಲ್ಲಗೆ ಎತ್ತಿ, ಮೊದಲೇ ಎರಡು ಪ್ಲಾಸ್ಟಿಕ್ ಮೊಟ್ಟೆ ಇಟ್ಟಿದ್ದ ಹೊಸ ಗೂಡಿನಲ್ಲಿ ಕೂರಿಸಿದೆ. ಎರಡು ದಿನ ಗಟ್ಟಿಯಾಗಿ ಕೂತಳು. ಮೂರನೇ ರಾತ್ರಿ ಪ್ಲಾಸ್ಟಿಕ್ ತೆಗೆದು ನಿಜವಾದ ಮೊಟ್ಟೆ ಇಟ್ಟೆ. ಎಲ್ಲವನ್ನೂ ಒಟ್ಟಿಗೆ, ಒಂದೇ ಸಲ.

ಮೊಟ್ಟೆಗಳನ್ನು ಅದಕ್ಕೂ ಮೊದಲೇ ಕೂಡಿಟ್ಟಿದ್ದೆ. ಹುಂಜ ಇರುವ ಗುಂಪಿನವು, ಒಂದು ವಾರದೊಳಗಿನವು. ತೊಳೆಯಲಿಲ್ಲ. ತೊಳೆದರೆ ಚಿಪ್ಪಿನ ಮೇಲಿನ ತೆಳು ಲೇಪ ಹೋಗಿ ರೋಗಾಣು ಒಳಗೆ ನುಗ್ಗುತ್ತವೆ. ಫ್ರಿಜ್‌ನಲ್ಲಿಡಲಿಲ್ಲ, ತಂಪಾದ ಮೂಲೆಯಲ್ಲಿ ಚೂಪು ತುದಿ ಕೆಳಗೆ ಮಾಡಿ ಇಟ್ಟೆ. ತಂಪಿನಲ್ಲಿ ಒಳಗಿನ ಜೀವ ನಿದ್ದೆ ಮಾಡುತ್ತಿರುತ್ತದೆ, ಕಾವು ಸಿಕ್ಕಾಗಲೇ ಬೆಳೆಯಲು ಶುರು. ಅದಕ್ಕೇ ಒಂದು ವಾರದುದ್ದಕ್ಕೂ ಇಟ್ಟ ಮೊಟ್ಟೆಗಳೂ ಒಂದೇ ದಿನ ಮರಿಯಾಗುತ್ತವೆ. ತೀರ ದೊಡ್ಡವು, ಸೊಟ್ಟವು, ಕೂದಲೆಳೆ ಬಿರುಕು ಇದ್ದವು ಬಿಟ್ಟು 10 ಆರಿಸಿದೆ. ಒಂದೊಂದರ ಮೇಲೂ ಪೆನ್ಸಿಲ್‌ನಲ್ಲಿ ಸುತ್ತ ಗೆರೆ ಎಳೆದೆ. ಗೆರೆ ಇಲ್ಲದ್ದು ಕಂಡರೆ ಅದೇ ದಿನ ಅಡುಗೆಮನೆಗೆ.

ಇನ್ನು 21 ದಿನ. ಬರೆಯೋಕೆ ಇಲ್ಲಿ ಜಾಸ್ತಿ ಏನಿಲ್ಲ, ಮಾಡೋಕೂ ಇಲ್ಲ. ಮರಿ ಮಾಡಿಸುವ ಮೆಷಿನ್‌ನಲ್ಲಾದರೆ 37.5 ಡಿಗ್ರಿ ಕಾಯಬೇಕು, ತೇವ ನೋಡಬೇಕು, ಹೊರಳಿಸಬೇಕು. ಕೋಳಿಯ ಮೈ ಬಿಸಿಯೇ 41 ಡಿಗ್ರಿ ಹತ್ತಿರ. ಉಳಿದದ್ದನ್ನು ಅವಳೇ ಲೆಕ್ಕ ಹಾಕುತ್ತಾಳೆ. ನನ್ನ ಕೆಲಸ ಕಾಳು, ನೀರು ಗೂಡಿನಿಂದ ನಾಲ್ಕು ಹೆಜ್ಜೆ ದೂರದಲ್ಲಿಡುವುದು. ದಿನಕ್ಕೊಮ್ಮೆ ಏಳುತ್ತಾಳೆ, ತಿಂದು, ಕುಡಿದು, ಹಿಕ್ಕೆ ಹಾಕಿ, ಒಂದಿಷ್ಟು ಮಣ್ಣಿನಲ್ಲಿ ಹೊರಳಿ 20 ನಿಮಿಷದಲ್ಲಿ ವಾಪಸ್. ಮೊದಲೆರಡು ದಿನ ಎದ್ದದ್ದೇ ಕಾಣಲಿಲ್ಲ. ಮೂರನೇ ದಿನ ಎತ್ತಿ ಹೊರಗೆ ಬಿಟ್ಟೆ. ಎತ್ತುವಾಗ ರೆಕ್ಕೆಯಡಿ ಕೈ ಆಡಿಸಿ ನೋಡಬೇಕು, ಅಲ್ಲಿ ಮೊಟ್ಟೆ ಸಿಕ್ಕಿಕೊಂಡಿದ್ದರೆ ಬಿದ್ದು ಒಡೆಯುತ್ತದೆ. ಈ ದಿನಗಳಲ್ಲಿ ಅವಳ ಜುಟ್ಟು ಬಿಳಿಚಿಕೊಂಡಿತು, ತೂಕ ಇಳಿಯಿತು. ಗಾಬರಿ ಬೇಡ, ಕಾವಿನಲ್ಲಿ ಹಾಗೇ.

ನಾನು ಮೊಟ್ಟೆಗೆ ಕೈ ಹಾಕಿದ್ದು ಎರಡೇ ಸಲ, 7ನೇ ಮತ್ತು 14ನೇ ರಾತ್ರಿ, ಮೊಬೈಲ್ ಟಾರ್ಚ್ ಹಿಡಿದು. ಕತ್ತಲಲ್ಲಿ ಮೊಟ್ಟೆಯ ದಪ್ಪ ತುದಿಗೆ ಬೆಳಕು ಒತ್ತಿ ಹಿಡಿದರೆ ಒಳಗೆ ಜೇಡದ ಕಾಲಿನ ಹಾಗೆ ಕೆಂಪು ನಾಳಗಳು, ನಡುವೆ ಕಪ್ಪು ಚುಕ್ಕೆ ಕಾಣುತ್ತದೆ. ಒಂದರಲ್ಲಿ ಏನೂ ಕಾಣಲಿಲ್ಲ, ದೀಪದ ಬುರುಡೆಯಂತೆ ಸ್ವಚ್ಛ. ಗೊಡ್ಡು ಮೊಟ್ಟೆ, ತೆಗೆದೆ. ನಾಳಗಳಿಲ್ಲದೆ ಬರೀ ಕೆಂಪು ಉಂಗುರ ಕಂಡರೆ ಬೆಳೆದು ಸತ್ತದ್ದು ಅಂತ. ಅದನ್ನೂ ತೆಗೆಯಬೇಕು, ಬಿಟ್ಟರೆ ಕೊಳೆತು ಗೂಡಿನಲ್ಲೇ ಒಡೆಯಬಹುದು. 14ನೇ ರಾತ್ರಿ ಒಂಬತ್ತೂ ಕಪ್ಪಾಗಿ ತುಂಬಿದ್ದವು, ದಪ್ಪ ತುದಿಯಲ್ಲಿ ಮಾತ್ರ ಗಾಳಿಯ ಜಾಗ ಬೆಳ್ಳಗಿತ್ತು. 18ನೇ ದಿನದಿಂದ ಮುಟ್ಟಲೇ ಇಲ್ಲ.

20ನೇ ದಿನ ಸಂಜೆ ಕೆಂಪಿಯ ದನಿ ಬದಲಾಯಿತು. ತೀರಾ ಮೆತ್ತಗೆ ಕುಕ್ ಕುಕ್ ಅನ್ನುತ್ತಿದ್ದಳು. ಕಿವಿಗೊಟ್ಟರೆ ಅಡಿಯಿಂದ ಚಿಂವ್ ಅಂತ ಉತ್ತರ. ಚಿಪ್ಪು ಒಡೆಯುವ ಮೊದಲೇ ತಾಯಿ ಮರಿ ಮಾತಾಡಿಕೊಳ್ಳುತ್ತವೆ. ಬೆಳಗ್ಗೆ ಅರ್ಧ ಚಿಪ್ಪುಗಳು ಹೊರಗೆ ಬಿದ್ದಿದ್ದವು. ಎಣಿಸೋಕೆ ಕೈ ತುರಿಸುತ್ತಿತ್ತು. ಅಮ್ಮ ಬಾಗಿಲಲ್ಲಿ ನಿಂತಿದ್ದರಿಂದ ಬಚಾವ್. ಮಾರನೇ ದಿನ ಕೆಂಪಿ ತಾನೇ ಎದ್ದಳು, ಹಿಂದೆ ಎಂಟು ಮರಿ. ಒಂದು ಮೊಟ್ಟೆ ಬಿರಿಯಲಿಲ್ಲ. ಒಂದೂವರೆ ದಿನ ಮರಿಗಳು ಏನೂ ತಿಂದಿರಲಿಲ್ಲ, ತಿನ್ನಬೇಕಾಗಿಯೂ ಇರಲಿಲ್ಲ. ಹೊಟ್ಟೆಯಲ್ಲಿರುವ ಹಳದಿಯಲ್ಲಿ ಎರಡು ದಿನ ಸಾಗುತ್ತದೆ. ಮೊದಲು ಬಂದ ಮರಿ ಹಸಿಯುತ್ತದೆ ಅಂತ ತಾಯಿಯನ್ನು ಎಬ್ಬಿಸುವುದು ಬೇಡ, ತಡವಾದ ಮರಿಗಳು ಹಾಳಾಗುತ್ತವೆ.

ಆಮೇಲಿನದು ನನ್ನ ಪಾಳಿ. ನೀರಿಗೆ ಅಗಲವಾದ, ಆಳವಿಲ್ಲದ ತಟ್ಟೆ, ಅದರ ತುಂಬ ಬೆಣಚುಕಲ್ಲು. ಕಲ್ಲಿನ ಸಂದಿಯಲ್ಲಿ ಕೊಕ್ಕು ಹೋಗುತ್ತದೆ, ಮೈ ಹೋಗುವುದಿಲ್ಲ. ಮೊದಲ ಸಲ ಸತ್ತ ಮರಿ ಕಲಿಸಿದ ಪಾಠ ಇದು. ತಾಯಿಗೂ ಮರಿಗೂ ಒಂದೇ ಆಹಾರ, ಮರಿಗಳ ಸ್ಟಾರ್ಟರ್. ಮೊಟ್ಟೆ ಇಡುವ ಕೋಳಿಯ ಆಹಾರದಲ್ಲಿ ಸುಣ್ಣ ಜಾಸ್ತಿ, ಅದು ಮರಿಗಳ ಮೂತ್ರಪಿಂಡ ಕೆಡಿಸುತ್ತದೆ. ತಾಯಿ ಈಗ ಮೊಟ್ಟೆ ಇಡುವುದಿಲ್ಲವಲ್ಲ, ಅವಳಿಗೂ ಆ ಸುಣ್ಣ ಬೇಡ. ನೆಲಕ್ಕೆ ಪೇಪರ್ ಹಾಸಬೇಡಿ, ಜಾರಿ ಕಾಲು ಅಗಲವಾಗಿ ಕುಂಟಾಗುತ್ತವೆ. ಒಣ ಹುಲ್ಲೇ ಸಾಕು, ಒದ್ದೆಯಾದ ಕಡೆ ಮಾತ್ರ ದಿನವೂ ಬದಲಿಸಿದೆ. ಒದ್ದೆಯಲ್ಲೇ ರಕ್ತಭೇದಿ ಬರುವುದು. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ಪಶುವೈದ್ಯರನ್ನು ಕೇಳಿ ಮೊದಲ ವಾರದಲ್ಲೇ ಹಾಕಿಸಿದೆ.

ಮೊದಲ ಹತ್ತು ದಿನ ಜಾಲರಿ ಮುಚ್ಚಿದ ಅಂಗಳದಲ್ಲೇ ಬಿಟ್ಟೆ. ಕಾಗೆ, ಬೆಕ್ಕು, ಮುಂಗುಸಿ ಹೊಂಚು ಹಾಕುವುದು ಈ ದಿನಗಳಲ್ಲೇ. ಹೊರಗೆ ಬಿಟ್ಟ ಮೇಲೆ ಕೆಂಪಿಯ ಇನ್ನೊಂದು ದನಿ ಕೇಳಿದೆ. ಹದ್ದಿನ ನೆರಳು ಹಾದಾಗ ಉದ್ದಕ್ಕೆ ಎಳೆದ ಒಂದು ಸದ್ದು, ಅಷ್ಟೇ. ಎಂಟೂ ಮರಿ ಇದ್ದಲ್ಲೇ ಒಣ ಎಲೆಯ ಹಾಗೆ ಬಿದ್ದುಬಿಟ್ಟವು. ಮೆಷಿನ್‌ನಲ್ಲಿ ಆದ ಮರಿಗಳನ್ನು ಬಲ್ಬಿನ ಕೆಳಗೆ ನಾನೂ ಸಾಕಿದ್ದೇನೆ, ಅವಕ್ಕೆ ಆಕಾಶ ನೋಡುವುದು ಗೊತ್ತೇ ಇರಲಿಲ್ಲ. ಕಾಳು ಸಿಕ್ಕಾಗ ಕೆಂಪಿ ತಾನು ತಿನ್ನದೆ ಎತ್ತಿ ಎತ್ತಿ ಹಾಕಿ ಕರೆಯುತ್ತಾಳೆ. ಆದರೆ ಮಳೆ ಬಂದ ಬೆಳಗ್ಗೆ ಮಾತ್ರ ಹೊರಗೆ ಬಿಡಬೇಡಿ. ಒದ್ದೆ ಹುಲ್ಲಿನಲ್ಲಿ ನಡೆದು ಪುಕ್ಕ ನೆನೆದ ಮರಿ ಹಿಂದುಳಿಯುತ್ತದೆ, ತಾಯಿ ಮುಂದೆ ಹೋದವುಗಳ ಜೊತೆ ಹೋಗುತ್ತಾಳೆ.

ಆರು ವಾರ ಕಳೆಯುತ್ತಲೇ ಕೆಂಪಿಯ ಜುಟ್ಟು ಮತ್ತೆ ಕೆಂಪಾಯಿತು. ಕಾಳಿನ ಬಳಿ ಬಂದ ಮರಿಗಳನ್ನು ಕುಕ್ಕತೊಡಗಿದಳು. ಏಳನೇ ವಾರದ ಒಂದು ಸಂಜೆ ಮರಿಗಳನ್ನು ನೆಲದಲ್ಲಿ ಬಿಟ್ಟು ಹಾರಿ ಮೇಲಿನ ಕೋಲಿನ ಮೇಲೆ ಕೂತಳು. ಎಂಟೂ ಕೆಳಗೆ ನಿಂತು ಚಿಂವ್ ಚಿಂವ್ ಅಂತ ಗಲಾಟೆ. ಒಂದೊಂದಾಗಿ ಎತ್ತಿ ಕೋಲಿನ ಮೇಲೆ ಕೂರಿಸೋಣ ಅನ್ನಿಸಿತು. ಎರಡು ಹೆಜ್ಜೆ ಹೋಗಿಯೂ ಆಗಿತ್ತು. ಆಮೇಲೆ ಟಾರ್ಚ್ ಆರಿಸಿ ಒಳಗೆ ಬಂದೆ. ಅಲ್ಲಿಂದ ಆರನೇ ರಾತ್ರಿ ನೋಡಿದರೆ ಮೂರು ಮರಿ ಕೆಂಪಿಯ ಪಕ್ಕದಲ್ಲಿ ಕೋಲು ಹಿಡಿದು ಕೂತಿದ್ದವು. ಉಳಿದ ಐದು ಇನ್ನೂ ಹಳೆ ಪೆಟ್ಟಿಗೆಯಲ್ಲೇ, ಒಂದರ ಮೇಲೊಂದು.