ಕಡಲ್ಕೊರೆತ ತಡೆ: ಕಲ್ಲು ಕೇಳುವ ಮುನ್ನ ಊರವರು ಮಾಡಬೇಕಾದ ಕೆಲಸಗಳು

ಕರಾವಳಿಯಲ್ಲಿ ಜೂನ್ ಬಂತೆಂದರೆ ಕಡಲು ತೀರದ ಮನೆಗಳ ಅಂಗಳಕ್ಕೆ ನುಗ್ಗುತ್ತದೆ, ತೆಂಗಿನ ಮರಗಳು ಬುಡಸಮೇತ ಉರುಳುತ್ತವೆ, ಅಧಿಕಾರಿಗಳು ಬಂದು ನೋಡಿದ ಮೇಲೆ ಟಿಪ್ಪರ್‌ಗಳಲ್ಲಿ ಕಲ್ಲು ಬರುತ್ತದೆ. ಹೀಗೆ ಮಳೆಗಾಲದ ನಡುವೆ ಸುರಿದ ಕಲ್ಲಿಗೆ ಬುನಾದಿಯೇ ಇರುವುದಿಲ್ಲವಾದ್ದರಿಂದ ಅದರಲ್ಲಿ ಬಹುಪಾಲು ಮರಳಿನೊಳಗೆ ಇಳಿದು ಕಾಣೆಯಾಗುತ್ತದೆ. ತೀರ ರಕ್ಷಣೆಯ ಕಲ್ಲಿನ ಕೆಲಸಕ್ಕೆ ತಕ್ಕ ಕಾಲ ಅಕ್ಟೋಬರಿನಿಂದ ಮೇ ಮೊದಲ ವಾರಗಳವರೆಗೆ ಮಾತ್ರ. ಅದಕ್ಕೆ ಬೇಕಾದ ಸಿದ್ಧತೆ ಅದಕ್ಕೂ ಒಂದು ವರ್ಷ ಮೊದಲೇ ಆರಂಭವಾಗಬೇಕು.

ಮೊದಲು ತಿಳಿಯಬೇಕಾದದ್ದು ನೀರು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದು. ಪ್ರಶ್ನೆ ಬಾಲಿಶವೆನಿಸಬಹುದು. ಆದರೆ ಮಲ್ಪೆಯ ಪಡುಕೆರೆ, ಕೋಡಿಬೆಂಗ್ರೆ, ಸೌಪರ್ಣಿಕಾ ನದಿಗೂ ಕಡಲಿಗೂ ನಡುವೆ ಹೆದ್ದಾರಿಯೊಂದೇ ಇರುವ ಮರವಂತೆ ಇಂಥ ಕಡೆಗಳಲ್ಲಿ ಪಶ್ಚಿಮಕ್ಕೆ ಅಲೆಯಿದ್ದರೆ ಪೂರ್ವಕ್ಕೆ ಹೊಳೆಯಿದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರದ ಹೊತ್ತಿಗೆ ಘಟ್ಟದಲ್ಲಿ ಭಾರೀ ಮಳೆಯಾದರೆ ಹೊಳೆಯ ನೀರು ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಬಾಯಲ್ಲಿ, ಹೊರಹೋಗಲಾರದೆ ಹಿಂದಕ್ಕೆ ಒತ್ತುತ್ತದೆ. ಆಗ ಕಡಲ ಬದಿಯ ಗೋಡೆ ಎಷ್ಟು ಎತ್ತರವಿದ್ದರೂ ಪ್ರಯೋಜನವಿಲ್ಲ. ನೀರು ಹರಿದುಹೋಗುವ ದಾರಿಯನ್ನು ಅದೇ ಮುಚ್ಚಿದರೂ ಮುಚ್ಚೀತು. ಹೊಳೆಯ ಬದಿಗೆ ಬೇಕಾದದ್ದು ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನು ಉಳಿಸುವುದು, ತೋಡುಗಳ (ಸಣ್ಣ ಕಾಲುವೆಗಳ) ಹೂಳೆತ್ತುವುದು ಮತ್ತು ಹಳೆಯ ಬಂಡುಗಳ (ಒಡ್ಡುಗಳ) ಬಿರುಕು ಮುಚ್ಚುವುದು. ಅಘನಾಶಿನಿ ನದಿಯ ಗಜನಿ ಗದ್ದೆಗಳಂತೆ (ಉಪ್ಪುನೀರಿನಂಚಿನ ಭತ್ತದ ಗದ್ದೆಗಳು) ಬಂಡಿಗೆ ಉಪ್ಪುನೀರು ತಡೆಯುವ ಬಾಗಿಲುಗಳಿದ್ದರೆ ಅವು ಸರಿಯಾಗಿ ಮುಚ್ಚುತ್ತವೆಯೇ ಎಂದು ಮೇ ತಿಂಗಳಲ್ಲೇ ನೋಡಿಕೊಳ್ಳಬೇಕು.

ಎರಡನೆಯ ಕೆಲಸ ಅಳತೆ. ನಮ್ಮ ತೀರದಲ್ಲಿ ಮುಂಗಾರಿನ ಅಲೆಗಳು ಎಳೆದೊಯ್ದ ಮರಳಿನ ಹೆಚ್ಚಿನ ಭಾಗವನ್ನು ಅಕ್ಟೋಬರಿನ ನಂತರದ ಶಾಂತ ಅಲೆಗಳು ಮರಳಿ ತಂದು ಹಾಕುತ್ತವೆ. ಜುಲೈಯಲ್ಲಿ ಕಂಡ ಕೊರೆತವೆಲ್ಲ ಶಾಶ್ವತ ನಷ್ಟವಲ್ಲ. ಫೆಬ್ರವರಿಯಲ್ಲೂ ಮರಳು ಹಿಂದಿರುಗಿಲ್ಲವೆಂದಾದರೆ ಚಿಂತಿಸಬೇಕು. ಇದನ್ನು ಗುರುತಿಸಲು ದುಬಾರಿ ಉಪಕರಣ ಬೇಕಿಲ್ಲ. ಅಲುಗದ ಒಂದು ಗುರುತನ್ನು, ಅಂದರೆ ಬಾವಿಕಟ್ಟೆಯನ್ನೋ ಭಜನಾ ಮಂದಿರದ ಗೋಡೆಯನ್ನೋ ಆರಿಸಿಕೊಂಡು, ತಿಂಗಳಿಗೊಮ್ಮೆ ಇಳಿತದ ಹೊತ್ತಿನಲ್ಲಿ ಅಲ್ಲಿಂದ ನೀರಿನ ಕಡೆಗೆ ಒಂದೇ ಗೆರೆಯಲ್ಲಿ ಅಳೆಯುತ್ತ ಹೋಗಬೇಕು. ಸೆಂಟಿಮೀಟರ್ ಗುರುತು ಹಾಕಿದ, ಒಂದೇ ಉದ್ದದ ಎರಡು ಕೋಲುಗಳನ್ನು ಹಗ್ಗದಳತೆಯ ದೂರದಲ್ಲಿ ನೆಟ್ಟಗೆ ನಿಲ್ಲಿಸಿ, ಕಡಲ ಬದಿಯ ಕೋಲಿನ ತುದಿಯು ಕ್ಷಿತಿಜದ ಗೆರೆಗೆ ಸೇರಿ ಕಾಣುವಂತೆ ಹಿಂದಿನ ಕೋಲಿನ ಪಕ್ಕದಿಂದ ನೋಡಿದರೆ, ಆ ನೋಟ ಹಿಂದಿನ ಕೋಲನ್ನು ತುದಿಯಿಂದ ಎಷ್ಟು ಕೆಳಗೆ ಹಾಯುತ್ತದೆಯೋ ಅಷ್ಟು ಇಳಿಜಾರು ಆ ದೂರದಲ್ಲಿ ಇದೆ ಎಂದರ್ಥ. ಎಮೆರಿ ಎಂಬ ವಿಜ್ಞಾನಿ 1961ರಲ್ಲಿ ಪ್ರಕಟಿಸಿದ ಈ ವಿಧಾನವನ್ನು ಹೈಸ್ಕೂಲು ಮಕ್ಕಳೂ ಮಾಡಬಲ್ಲರು. ದಿನಾಂಕ ಸಹಿತ ಬರೆದಿಟ್ಟ ಇಂಥದೊಂದು ಪುಸ್ತಕವು ಇಂಜಿನಿಯರರ ಮುಂದೆ ಹತ್ತು ಮನವಿಪತ್ರಗಳಿಗಿಂತ ಹೆಚ್ಚು ತೂಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮರಳು ಹಿಂದಿರುಗುತ್ತಿಲ್ಲವಾದರೆ ಅದನ್ನು ತಡೆದದ್ದು ಯಾವುದೆಂದು ಹುಡುಕಬೇಕು. ಅಳಿವೆಯ ಬ್ರೇಕ್‌ವಾಟರ್ (ಅಲೆ ತಡೆಯಲು ಕಡಲೊಳಗೆ ಚಾಚಿದ ಕಲ್ಲಿನ ದಂಡೆ), ಬಂದರಿನ ಹೂಳೆತ್ತುವಿಕೆ, ಮರಳು ಗಣಿಗಾರಿಕೆ, ಪಕ್ಕದ ಊರಿನ ತಡೆಗೋಡೆ, ಇವೆಲ್ಲ ತೀರದ ಗುಂಟ ಸಾಗುವ ಮರಳಿನ ಲೆಕ್ಕವನ್ನು ಬದಲಿಸುತ್ತವೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ಉಳ್ಳಾಲದ ಕಡಲೊಳಗೆ ದಂಡೆಗಳು ನಿರ್ಮಾಣವಾದವು. ಆದರೂ ದಕ್ಷಿಣಕ್ಕಿರುವ ಸೋಮೇಶ್ವರ, ಉಚ್ಚಿಲದ ಕಡೆ ಕೊರೆತ ನಿಲ್ಲಲಿಲ್ಲ. ಆದ್ದರಿಂದ ಅರ್ಜಿಯನ್ನು ಒಂದೊಂದು ಗ್ರಾಮದವರು ಪ್ರತ್ಯೇಕವಾಗಿ ಕೊಡುವುದಕ್ಕಿಂತ ಒಂದು ಅಳಿವೆಯಿಂದ ಮತ್ತೊಂದು ಅಳಿವೆಯವರೆಗಿನ ಪಂಚಾಯಿತಿಗಳು ಒಟ್ಟಾಗಿ ಕೊಡುವುದು ಸರಿಯಾದ ಕ್ರಮ.

ಮನೆಗಳ ಮುಂದೆ ಇನ್ನೂ ಜಾಗ ಉಳಿದಿದ್ದರೆ ಮರಳದಿಬ್ಬವೇ ಮೊದಲ ಆಯ್ಕೆಯಾಗಲಿ. ಸೆಪ್ಟೆಂಬರಿನಲ್ಲಿ ಅಲೆಯ ಅಬ್ಬರ ತಗ್ಗಿ ನೆಲದಲ್ಲಿ ತೇವ ಉಳಿದಿರುವಾಗಲೇ ಮರಳಿನ ಮೇಲೆ ಹಬ್ಬುವ ಅಡುಂಬು ಬಳ್ಳಿಯ ತುಂಡುಗಳನ್ನೂ ರಾವಣನ ಮೀಸೆ ಹುಲ್ಲನ್ನೂ ಮುಂದಿನ ಸಾಲಿನಲ್ಲಿ, ಕೇದಗೆ ಮತ್ತು ಹೊನ್ನೆಯನ್ನು ಹಿಂದೆ ನೆಡಬೇಕು. ಗಾಳಿ ತರುವ ಮರಳು ನಿಲ್ಲುವಂತೆ ಮಡಲಿನ (ತೆಂಗಿನ ಗರಿಯ) ಬೇಲಿ ಕಟ್ಟಬಹುದು. ಅರ್ಧದಷ್ಟು ಸಂದು ಬಿಟ್ಟ ಬೇಲಿ ಒತ್ತಾಗಿ ಕಟ್ಟಿದ್ದಕ್ಕಿಂತ ಚೆನ್ನಾಗಿ ಮರಳು ಹಿಡಿಯುತ್ತದೆ. ದೋಣಿ ಎಳೆಯುವ, ಕೈರಂಪಣಿ (ದಡದಿಂದ ಕೈಯಲ್ಲೇ ಎಳೆಯುವ ದೊಡ್ಡ ಬಲೆ) ಬಿಡುವ ದಾರಿಗಳನ್ನು ಮೊದಲೇ ಗುರುತಿಸಿ ಬಿಡದಿದ್ದರೆ ಗಿಡ ಉಳಿಯುವುದಿಲ್ಲ, ಊರಿನಲ್ಲಿ ಜಗಳ ಉಳಿಯುತ್ತದೆ.

ಜಾಗವೇ ಇಲ್ಲದೆಡೆ ಕಲ್ಲಿನ ಗೋಡೆ ಅನಿವಾರ್ಯವಾಗಬಹುದು. ಅದು ಹಿಂದಿನ ಮನೆಯನ್ನು ಕಾಯುತ್ತದೆಯೇ ಹೊರತು ಮುಂದಿನ ಮರಳನ್ನಲ್ಲ ಎಂಬುದನ್ನು ಒಪ್ಪಿಕೊಂಡೇ ಕಟ್ಟಬೇಕು. ಕಾಮಗಾರಿ ನಡೆಯುವಾಗ ಊರವರು ನಿಂತು ನೋಡಬೇಕಾದ ಅಂಶಗಳಿವೆ. ಕಲ್ಲಿನ ಕೆಳಗೆ ನೀರು ಬಿಟ್ಟು ಮರಳು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಸಣ್ಣ ಕಲ್ಲಿನ ಪದರದ ಮೇಲೆ ದೊಡ್ಡ ಕಲ್ಲು ಇಡದಿದ್ದರೆ ಸಂದುಗಳಿಂದ ಮರಳು ಸೋರಿ ಗೋಡೆ ಕುಸಿಯುತ್ತದೆ. ಗೋಡೆಯ ಪಾದವು ಮಳೆಗಾಲದಲ್ಲಿ ಮರಳು ಕೊರೆಯುವ ಆಳಕ್ಕಿಂತ ಕೆಳಗಿರಬೇಕು. ಆ ಆಳವನ್ನು ನಿಮ್ಮ ಅಳತೆ ಪುಸ್ತಕವೇ ಹೇಳುತ್ತದೆ. ಕಲ್ಲಿನ ತೂಕದಲ್ಲಿ ರಾಜಿ ಸಲ್ಲದು, ಏಕೆಂದರೆ ಅಲೆಯ ಎತ್ತರ ಎರಡು ಪಟ್ಟಾದರೆ ಅದೇ ಇಳಿಜಾರಿನಲ್ಲಿ ನಿಲ್ಲಲು ಕಲ್ಲು ಎಂಟು ಪಟ್ಟು ಭಾರವಿರಬೇಕಾಗುತ್ತದೆ. ಗೋಡೆಯ ಎರಡೂ ತುದಿಗಳನ್ನು ನೆಲದ ಕಡೆಗೆ ಬಾಗಿಸಿ ಮುಗಿಸದಿದ್ದರೆ ಅಲೆ ಅಲ್ಲಿಂದಲೇ ಹಿಂದಕ್ಕೆ ಹೊಕ್ಕು ನೆರೆಯವರ ಹಿತ್ತಿಲನ್ನು ತಿನ್ನುತ್ತದೆ.

ಇಂಥ ಕಾಮಗಾರಿಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳ ಅಡಿಯಲ್ಲಿ ಅನುಮತಿ ಬೇಕು. ಗ್ರಾಮಸಭೆಯ ನಿರ್ಣಯ, ಅಳತೆಯ ದಾಖಲೆ ಮತ್ತು ನಕ್ಷೆಯನ್ನು ಸೇರಿಸಿ ಜಿಲ್ಲಾಧಿಕಾರಿಗೂ ಬಂದರು ಇಲಾಖೆಗೂ ಸಲ್ಲಿಸಿದರೆ ಮುಂದಿನ ಹಂತ ಸುಲಭವಾಗುತ್ತದೆ. ಅಂದಾಜು ಪಟ್ಟಿಯಲ್ಲಿ ನಿರ್ವಹಣೆಗೆ ಪ್ರತ್ಯೇಕ ಮೊತ್ತ ತೋರಿಸುವಂತೆ ಆಗಲೇ ಕೇಳಬೇಕು. ಪ್ರತಿ ಅಕ್ಟೋಬರಿನಲ್ಲಿ ಜಾರಿದ ಕಲ್ಲುಗಳನ್ನು ಎಣಿಸಿ ಮೇಲೆತ್ತಿಡಲು ಕ್ರೇನ್ ಬೇಕಾಗುತ್ತದೆ, ಆ ಖರ್ಚನ್ನು ಪಂಚಾಯಿತಿಯೊಂದೇ ಭರಿಸಲಾರದು.