ಮೈನಸ್ 40ರಲ್ಲಿ ವಿಮಾನ ಎಬ್ಬಿಸುವ ಬಗೆ

ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಹಳೇ ವಿಮಾನಗಳ ಇಂಜಿನ್ ರಿಪೇರಿ ನನ್ನ ಹೊಟ್ಟೆಪಾಡು. ಊರಿಂದ ಫೋನ್ ಮಾಡಿದಾಗೆಲ್ಲ ಭಾವ ಕೇಳುವುದು ಒಂದೇ: "ಅಲ್ಲ ಮಾರಾಯ, ಆ ಚಳೀಲಿ ಇಂಜಿನ್ ಹೆಂಗೆ ಸ್ಟಾರ್ಟ್ ಆಗುತ್ತೆ?" ಕರೆಂಟ್ ಹೀಟರ್ ಇಲ್ಲದ 1929ರ ಪದ್ಧತಿಯನ್ನೇ ಹೇಳುತ್ತೇನೆ.

ಕೆಲಸ ಹಿಂದಿನ ಸಂಜೆಯೇ ಶುರು. ಇಂಜಿನ್ ನಿಂತ ತಕ್ಷಣ, ಬಿಸಿ ಆರುವ ಮೊದಲೇ, ಆಯಿಲನ್ನು ಡಬ್ಬಕ್ಕೆ ಬಸಿದುಕೊಳ್ಳಿ. ಊಟ ಮುಗಿಸಿ ಬರುತ್ತೇನೆ ಅಂದಿರೋ, ಅಚ್ಚುಬೆಲ್ಲದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಡಬ್ಬವನ್ನು ಒಲೆಯ ಪಕ್ಕ ಇಡಿ. ಹಿಮದ ಮೇಲೆ ಜಾರಲು ಚಕ್ರದ ಬದಲು ಹಾಕಿರುವ ಸ್ಕೀ ಪಟ್ಟಿಗಳ ಕೆಳಗೆ ಮರದ ಗಳ ಕೊಡಿ. ಇಲ್ಲದಿದ್ದರೆ ರಾತ್ರಿ ಹಿಮಕ್ಕೆ ಕಚ್ಚಿಕೊಳ್ಳುತ್ತವೆ.

ಡಿಸೆಂಬರ್ ಕೊನೆಗೆ ಇಲ್ಲಿ ಬಿಸಿಲು 4 ತಾಸೂ ಇರುವುದಿಲ್ಲ. ಹಾಗಾಗಿ ಕತ್ತಲಲ್ಲೇ ಎದ್ದು, ಇಂಜಿನ್ ಮೇಲೆ ನೆಲ ಮುಟ್ಟುವ ಹಾಗೆ ಕ್ಯಾನ್ವಾಸ್ ಹೊದಿಸಿ ಒಳಗೆ ಸ್ಟೋವ್ ಹಚ್ಚಿ. ಬಾಣಂತಿಗೆ ಅಗ್ಗಿಷ್ಟಿಕೆ ಇಟ್ಟ ಹಾಗೆ, ಆದರೆ ಬಾಣಂತಿ ಪೆಟ್ರೋಲ್ ತೊಟ್ಟಿಕ್ಕಿಸುವುದಿಲ್ಲ! ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನೀವೂ ಒಳಗೇ ಕೂರಬೇಕು. ಇಂಜಿನ್ ಚೆನ್ನಾಗಿ ಕಾದ ಮೇಲೆ ಆಯಿಲನ್ನೂ ಕಾಯಿಸಿ ಸುರಿದು, ತಡಮಾಡದೆ ಪ್ರೊಪೆಲರ್ ತಿರುಗಿಸಿ. ಬರಿಗೈಯಲ್ಲಿ ಸ್ಪ್ಯಾನರ್ ಮುಟ್ಟಬೇಡಿ. ನಾನು ಮುಟ್ಟಿದ್ದೆ, ತೋರುಬೆರಳಿನ ಚರ್ಮ ಅದರಲ್ಲೇ ಉಳಿಯಿತು.

ಇನ್ನು ಮೇಲೇರಿದವರಿಗೆ. ಎತ್ತರ ತೋರಿಸುವ ಆಲ್ಟಿಮೀಟರ್ ಚಳಿಗೆ ಸುಳ್ಳು ಹೇಳುತ್ತದೆ. ಮೈನಸ್ 40ರಲ್ಲಿ ನೀವು ಏರ್‌ಫೀಲ್ಡ್‌ಗಿಂತ 1000 ಅಡಿ ಮೇಲಿದ್ದೀರಿ ಎಂದು ಅದು ತೋರಿಸಿದರೆ, ನಿಜಕ್ಕೂ ಇರುವುದು 760ರ ಆಸುಪಾಸು. ಮೋಡ, ಹಿಮ ಎರಡೂ ಒಂದೇ ಬಿಳಿಯಾದಾಗ ನೆಲ ಎಲ್ಲಿದೆ ಅಂತ ಕಣ್ಣಿಗೂ ತಿಳಿಯುವುದಿಲ್ಲ. ಅಂಥಲ್ಲಿ ಇಳಿಯಲೇಬೇಕಾದರೆ ಮೊದಲು ಸ್ಪ್ರೂಸ್ ಮರದ ಕೊಂಬೆಗಳನ್ನು ಸಾಲಾಗಿ ಬೀಳಿಸಿ, ಆ ಕಪ್ಪು ಗುರುತು ನೋಡಿಕೊಂಡು ಇಳಿಯಿರಿ.

1929 ಅಂದದ್ದಕ್ಕೆ ಕಾರಣವಿದೆ. ಆ ವರ್ಷ ನವೆಂಬರ್ 9ರಂದು ಪೈಲಟ್ ಬೆನ್ ಐಲ್ಸನ್ ಮತ್ತು ಮೆಕ್ಯಾನಿಕ್ ಅರ್ಲ್ ಬೋರ್ಲ್ಯಾಂಡ್, ಸೈಬೀರಿಯಾದ ಹತ್ತಿರ ಹಿಮದಲ್ಲಿ ಸಿಕ್ಕಿಬಿದ್ದ 'ನಾನುಕ್' ಹಡಗಿನತ್ತ ಹಾರಿ, ಬಿರುಗಾಳಿಗೆ ಸಿಕ್ಕಿ ಕಾಣೆಯಾದರು. ಹುಡುಕಲು ಹೋದ ಪೈಲಟ್‌ಗಳಾದ ಜೋ ಕ್ರಾಸನ್, ಹೆರಾಲ್ಡ್ ಗಿಲಂ ಕೂತದ್ದು ಮೇಲ್ಛಾವಣಿಯೇ ಇಲ್ಲದ ಕಾಕ್‌ಪಿಟ್‌ಗಳಲ್ಲಿ. ಜನವರಿ ಕೊನೆಗೆ ಹಿಮದಿಂದ ಹೊರಚಾಚಿದ್ದ ಒಂದು ರೆಕ್ಕೆ ಕಂಡಿತು. ಇಂಜಿನ್ ವೇಗ ಹೆಚ್ಚಿಸುವ ಥ್ರಾಟಲ್ ಪೂರ್ತಿ ತೆರೆದೇ ಇತ್ತು. ಅಂದರೆ ಇಂಜಿನ್ ಕೈಕೊಟ್ಟಿರಲಿಲ್ಲ. ಮೆಕ್ಯಾನಿಕ್ ಆದ ನನಗೆ ಹೆಚ್ಚು ಕಾಡುವುದು ಅದೇ.

ಹಾಗೆ ಕಾಣೆಯಾದವರನ್ನು ಹುಡುಕುವಾಗ ವಿಮಾನವನ್ನಲ್ಲ, ನೆರಳನ್ನು ಹುಡುಕಿ. ಸೂರ್ಯ ಕೆಳಗಿರುವಾಗ ಮೊಳದ ತುಂಡಿಗೂ ಮಾರುದ್ದದ ನೆರಳು ಬೀಳುತ್ತದೆ. ಏನಾದರೂ ಕಂಡು ಇಳಿದಿರೋ, ಓಡಿಹೋಗುವ ಮುಂಚೆ ಆಯಿಲ್ ಬಸಿಯಿರಿ.